ಉಸಿರಿಗೆ ಉಸಿರು ತಾಗುವ ಆಟದಲ್ಲಿ ಸೋಂಕಿನ ಲೆಕ್ಕ

ರೇಡರ್ ನಡುಗೆರೆ ದಾಟುತ್ತಿದ್ದಂತೆ ‘ಕಬಡ್ಡಿ, ಕಬಡ್ಡಿ’ ಶುರುವಾಗಬೇಕು. ಅದು ಅಂಪೈರ್ ಕಿವಿಗೆ ಸ್ಪಷ್ಟವಾಗಿ ಬೀಳಬೇಕು, ನಡುವೆ ಎಲ್ಲೂ ತುಂಡಾಗಬಾರದು. ಎದುರಿಗೆ ಏಳು ಮಂದಿ, ಕೈಗೆ ಕೈ ಬೆಸೆದು ಸರಪಳಿ ಕಟ್ಟಿಕೊಂಡು ಕಾಯುತ್ತಿರುತ್ತಾರೆ. ಮೂಲೆಯವನು ಆ್ಯಂಕಲ್ ಹೋಲ್ಡ್ ಹಾಕಿದ ಎನ್ನಿ, ಮರುಕ್ಷಣ ಇನ್ನೊಬ್ಬ ತೊಡೆಗೆ ಬೀಳುತ್ತಾನೆ, ಮತ್ತೊಬ್ಬ ಸೊಂಟ ಹಿಡಿಯುತ್ತಾನೆ, ಉಳಿದವರು ಮೇಲೆ ಬಂದು ಒರಗುತ್ತಾರೆ. ಬೆವರು ಬೆವರಿಗೆ ಅಂಟುತ್ತದೆ, ಒಬ್ಬನ ಬಾಯಿ ಇನ್ನೊಬ್ಬನ ಮೂಗಿನ ನೇರಕ್ಕೆ ಬರುತ್ತದೆ. ಅಡಿಯಲ್ಲಿ ಸಿಕ್ಕಿಬಿದ್ದವನು ಆಗಲೂ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಲೇ ಗೆರೆಯತ್ತ ಬೆರಳು ಚಾಚುತ್ತಾನೆ. ಎಲ್ಲ ಮೂವತ್ತು ಸೆಕೆಂಡಿನೊಳಗೆ.

ಕೊರೊನಾ ಕಾಲದಲ್ಲಿ ನಮಗೆ ಹೇಳಿಕೊಟ್ಟ ಒಂದೊಂದು ನಿಯಮವನ್ನೂ ಈ ಆಟದ ಪಕ್ಕ ಇಟ್ಟು ನೋಡಿ. ಅಂತರ ಕಾಯ್ದುಕೊಳ್ಳಿ ಎಂದರು; ಇಲ್ಲಿ ಅಂತರ ಇದ್ದರೆ ಅಂಕವೇ ಇಲ್ಲ. ಮಾಸ್ಕ್ ಹಾಕಿ ಎಂದರು. ಉಸಿರೇ ಬಂಡವಾಳವಾದ ಆಟದಲ್ಲಿ ಮೂಗು ಬಾಯಿ ಕಟ್ಟಿಕೊಂಡು ಆಡುವವರು ಯಾರು? ಜೋರಾಗಿ ಮಾತಾಡಬೇಡಿ ಎಂದರು. ಆ ಕೊನೆಯ ಎಚ್ಚರಿಕೆಯ ಹಿಂದೆ ಒಂದು ದಾರುಣ ಪ್ರಸಂಗವಿದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಗಾಯಕರ ತಂಡವೊಂದು ಒಳಾಂಗಣದಲ್ಲಿ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಮಂದಿ. ಅವರಲ್ಲಿ ಒಬ್ಬರಿಗೆ ಆಗಲೇ ನೆಗಡಿಯಂಥ ಲಕ್ಷಣವಿತ್ತು. ಕಡೆಗೆ ಕಾಯಿಲೆ ಬಿದ್ದವರು, ಖಚಿತವಾದವರೂ ಶಂಕಿತರೂ ಸೇರಿ, 53 ಮಂದಿ, ಇಬ್ಬರು ತೀರಿಕೊಂಡರು. ಗಂಟಲೆತ್ತಿ ಹಾಡಿದಾಗ ಬಾಯಿಂದ ಹೊರಬೀಳುವ ಸಣ್ಣ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಎಷ್ಟೋ ಹೊತ್ತು ತೇಲಾಡುತ್ತವೆ ಎಂಬುದು ಅಲ್ಲಿಂದ ಮುಂದೆ ಗಂಭೀರ ಚರ್ಚೆಯಾಯಿತು. ಹಾಡುವುದಕ್ಕೇ ಹೀಗಾದರೆ, ಏದುಸಿರು ಬಿಡುತ್ತ ಕೂಗುವ ಕಬಡ್ಡಿಯ ಗತಿ ಏನು?

ಪ್ರೊ ಕಬಡ್ಡಿ ಲೀಗ್ 2020ರಲ್ಲಿ ನಡೆಯಲೇ ಇಲ್ಲ. ಎಂಟನೇ ಆವೃತ್ತಿ ಶುರುವಾದದ್ದು 2021ರ ಡಿಸೆಂಬರ್ 22ಕ್ಕೆ, ನಮ್ಮ ಬೆಂಗಳೂರಿನಲ್ಲೇ. ಅದುವರೆಗೆ ಊರಿಂದೂರಿಗೆ ಸಾಗುತ್ತಿದ್ದ ಲೀಗು ಈ ಸಲ ವೈಟ್‌ಫೀಲ್ಡ್‌ನ ಶೆರಾಟನ್ ಗ್ರ್ಯಾಂಡ್ ಹೋಟೆಲಿನಲ್ಲಿ ಬೀಡುಬಿಟ್ಟಿತು. ಹನ್ನೆರಡೂ ತಂಡಗಳ ವಾಸ, ಊಟ, ಆಟ ಎಲ್ಲ ಒಂದೇ ಆವರಣದಲ್ಲಿ. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಪತ್ರಿಕೆಗಳಲ್ಲಿ ‘ಜೀವಸುರಕ್ಷಾ ವಲಯ’ ಎಂದು ಓದುತ್ತಿದ್ದ ಬಯೋ ಬಬಲ್ ಇದೇ. ಮೊದಲ ಪಂದ್ಯದಲ್ಲಿ ಯು ಮುಂಬಾ ಎದುರು ಬೆಂಗಳೂರು ಬುಲ್ಸ್ 30–46ರಿಂದ ಸೋತಿತು. ಆ ಹೊತ್ತಿಗೆ ಓಮೈಕ್ರಾನ್ ಆಗಲೇ ರಾಜ್ಯಕ್ಕೆ ಕಾಲಿಟ್ಟಿತ್ತು.

ಜನವರಿಯಲ್ಲಿ ಹೊರಗೆ ವಾರಾಂತ್ಯದ ಕರ್ಫ್ಯೂ, ಒಳಗೆ ಆಟ. ಆದರೂ ಸೋಂಕು ಒಳಗೆ ಬಂತು. ಆ ತಿಂಗಳ ಕೊನೆಯ ವಾರದ ಹೊತ್ತಿಗೆ ಎರಡು ತಂಡಗಳಿಗೆ ಹನ್ನೆರಡು ಆಟಗಾರರನ್ನು ಹೊಂದಿಸುವುದೇ ಆಗದೆ ಹೋಯಿತು, ವೇಳಾಪಟ್ಟಿ ಬದಲಾಯಿಸಬೇಕಾಯಿತು. ಲೀಗ್ ಮಾತ್ರ ನಿಲ್ಲಲಿಲ್ಲ. ಫೆಬ್ರುವರಿ 25ರ ಫೈನಲ್‌ನಲ್ಲಿ ದಬಂಗ್ ಡೆಲ್ಲಿ, ಪಟ್ನಾ ಪೈರೇಟ್ಸ್ ವಿರುದ್ಧ 37–36ರಿಂದ, ಒಂದೇ ಅಂಕದಿಂದ ಗೆದ್ದಿತು. ಇದನ್ನು ಬಬಲ್ ಒಡೆಯಿತು ಎಂದು ಹಳಿಯುವವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸೋಂಕು ಒಳಬಂದದ್ದು ಪರೀಕ್ಷೆಯಿಂದ ಗೊತ್ತಾಯಿತು, ಸೋಂಕಿತರನ್ನು ಬೇರೆ ಇರಿಸಲಾಯಿತು, ಪಂದ್ಯಗಳನ್ನು ಸರಿಸಿ ಟೂರ್ನಿ ಮುಗಿಸಲಾಯಿತು. ಪರೀಕ್ಷೆಯಿಂದ ಅದಕ್ಕಿಂತ ಹೆಚ್ಚಿನದನ್ನು ಬಯಸುವುದು ತಪ್ಪು.

ಪರೀಕ್ಷೆಯ ಬಗ್ಗೆ ನಮ್ಮಲ್ಲಿ ಇರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. ಮೂಗಿಗೆ ಕಡ್ಡಿ ತೂರಿಸಿ ಮಾದರಿ ತೆಗೆದು, ‘ನೆಗೆಟಿವ್’ ಎಂದು ವರದಿ ಬಂದ ಕೂಡಲೇ ಅದನ್ನು ರಕ್ಷಾಕವಚ ಎಂದುಕೊಳ್ಳುತ್ತೇವೆ. ಮಾದರಿ ಕೊಟ್ಟ ಆ ಗಳಿಗೆಯಲ್ಲಿ ಪತ್ತೆಯಾಗುವಷ್ಟು ವೈರಾಣು ಇರಲಿಲ್ಲ ಎಂದಷ್ಟೇ ಅದರ ಅರ್ಥ. ನಿನ್ನೆ ಸೋಂಕು ತಗುಲಿದವನ ವರದಿ ಇಂದು ನೆಗೆಟಿವ್ ಬರಬಹುದು, ನಾಡಿದ್ದು ಪಾಸಿಟಿವ್ ಆಗಬಹುದು. ಆರ್‌ಟಿ–ಪಿಸಿಆರ್ ಬಹಳ ಸೂಕ್ಷ್ಮ, ಆದರೆ ಪ್ರಯೋಗಾಲಯ ಬೇಕು, ಹೊತ್ತು ಹಿಡಿಯುತ್ತದೆ. ವಾಸಿಯಾದ ಮೇಲೂ ಎಷ್ಟೋ ದಿನ ಪಾಸಿಟಿವ್ ತೋರಿಸುವುದುಂಟು. ರ‍್ಯಾಪಿಡ್ ಆ್ಯಂಟಿಜೆನ್ ಕಾಲು ಗಂಟೆಯಲ್ಲಿ ಹೇಳುತ್ತದೆ, ವೈರಾಣು ಕಡಿಮೆ ಇದ್ದಾಗ ಕೈಕೊಡುತ್ತದೆ. ಅದಕ್ಕೇ ಒಂದು ಪರೀಕ್ಷೆಗಿಂತ ಮೇಲಿಂದ ಮೇಲೆ ಮಾಡುವ ಪರೀಕ್ಷೆಗೆ ಬೆಲೆ ಜಾಸ್ತಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಜೊಲ್ಲನ್ನು ದಿನವೂ ಪರೀಕ್ಷಿಸಿದ್ದು ಈ ಕಾರಣಕ್ಕೆ. ಶಿಬಿರದ ಬಾಗಿಲಲ್ಲೇ ಮಾಡುವ ಪರೀಕ್ಷೆಗೂ ಅದರದೇ ಉಪಯೋಗವಿದೆ. 2020ರ ಸೆಪ್ಟೆಂಬರ್‌ನಲ್ಲಿ ಸೋನೆಪತ್‌ನ ರಾಷ್ಟ್ರೀಯ ಕುಸ್ತಿ ಶಿಬಿರಕ್ಕೆ ಬಂದಿಳಿದ ದೀಪಕ್ ಪೂನಿಯಾ ಮತ್ತು ಇನ್ನಿಬ್ಬರಲ್ಲಿ ಸೋಂಕು ಪತ್ತೆಯಾದದ್ದು ಹಾಗೆ. ಒಂದೇ ಮ್ಯಾಟ್ ಮೇಲೆ ಉಳಿದವರ ಜತೆ ಪಟ್ಟು ಹಿಡಿದ ಮೇಲೆ ಗೊತ್ತಾಗಿದ್ದರೆ ಶಿಬಿರವೇ ಮುಚ್ಚಬೇಕಾಗುತ್ತಿತ್ತು.

ಹಾಗಿದ್ದರೆ ಸೋಂಕು ಹರಡುವುದು ಆಟದ ನಡುವೆಯೋ, ಆಟದ ಆಚೀಚೆಯೋ? ಇದಕ್ಕೆ ಸಿಕ್ಕ ಉತ್ತರಗಳು ನಾವು ಎಣಿಸಿದಂತೆ ಇರಲಿಲ್ಲ. ಇಂಗ್ಲೆಂಡಿನ ರಗ್ಬಿ ಲೀಗ್ ಪಂದ್ಯಗಳ ವಿಡಿಯೊಗಳನ್ನು ಇಟ್ಟುಕೊಂಡು ಸಂಶೋಧಕರು ಒಂದೊಂದು ಟ್ಯಾಕಲನ್ನೂ ಎಣಿಸಿದರು. ನಾಲ್ಕು ಪಂದ್ಯಗಳಲ್ಲಿ ಎಂಟು ಸೋಂಕಿತರು, ತಮಗೇ ತಿಳಿಯದೆ, ಆಡಿಬಿಟ್ಟಿದ್ದರು. ಅವರೊಂದಿಗೆ ಆಡಿದವರಲ್ಲಿ ಮುಂದೆ ಕೆಲವರಿಗೆ ಸೋಂಕು ಬಂದದ್ದು ನಿಜ. ಅದರ ಜಾಡು ಮಾತ್ರ ಕ್ಲಬ್ಬಿನೊಳಗಿನ ಒಡನಾಟಕ್ಕೆ, ಹೊರಗಿನ ಓಡಾಟಕ್ಕೆ ಹೋಗಿ ನಿಂತಿತೇ ಹೊರತು ಪಂದ್ಯದ ಟ್ಯಾಕಲಿಗಲ್ಲ. ಬಯಲು, ಬೀಸುವ ಗಾಳಿ, ಕೆಲವೇ ಸೆಕೆಂಡಿನ ಸ್ಪರ್ಶ.

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಕೂಡ ಇದನ್ನೇ ಕಂಡಿತು. 2020ರ ಆಗಸ್ಟ್ 9ರಿಂದ ನವೆಂಬರ್ 21ರ ನಡುವೆ ಅಲ್ಲಿ ಸುಮಾರು 11,400 ಆಟಗಾರರು ಮತ್ತು ಸಿಬ್ಬಂದಿಗೆ 6 ಲಕ್ಷ 23 ಸಾವಿರದಷ್ಟು ಪರೀಕ್ಷೆ ಮಾಡಿದರು. ಸೋಂಕು ಕಂಡದ್ದು 329 ಮಂದಿಯಲ್ಲಿ. ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಎಂದು ದಾಖಲಿಸುವ ಪುಟ್ಟ ಯಂತ್ರವನ್ನು ಎಲ್ಲರೂ ಧರಿಸಬೇಕಿತ್ತು. ಅದನ್ನು ನೋಡಿದರೆ, ಹದಿನೈದು ನಿಮಿಷಕ್ಕಿಂತ ಕಡಿಮೆ ಹೊತ್ತು ಜತೆಗಿದ್ದವರಿಗೂ ಸೋಂಕು ತಗುಲಿತ್ತು. ಎದ್ದು ಕಂಡ ಅಪಾಯದ ಜಾಗಗಳೆಂದರೆ ಊಟದ ಮೇಜು, ತಂಡದ ಸಭೆ, ಒಟ್ಟಿಗೆ ಹೋಗುವ ವಾಹನ. ಆಮೇಲೆ ಅವರು ಸಭೆಗಳನ್ನು ಆನ್‌ಲೈನ್‌ಗೋ ಬಯಲಿಗೋ ಒಯ್ದರು, ಒಟ್ಟಿಗೆ ಕೂತು ಉಣ್ಣುವುದನ್ನು ನಿಲ್ಲಿಸಿದರು.

ಇಷ್ಟು ಓದಿ ಮೈ ತಾಗುವ ಆಟಕ್ಕೆ ಅಪಾಯವೇ ಇಲ್ಲ ಎಂದುಕೊಂಡರೆ ಕೆಟ್ಟೆವು. ಬಯಲಿನಿಂದ ಒಳಾಂಗಣಕ್ಕೆ ಬಂದರೆ ಲೆಕ್ಕವೇ ಬೇರೆ. 2020ರ ಜೂನ್‌ನಲ್ಲಿ ಫ್ಲಾರಿಡಾದ ಟ್ಯಾಂಪಾ ಬೇ ಪ್ರದೇಶದಲ್ಲಿ ಒಂದು ಸಂಜೆ ಐಸ್ ಹಾಕಿ ಪಂದ್ಯ ಆಡಿದ 22 ಮಂದಿಯಲ್ಲಿ 14 ಮಂದಿ ಐದು ದಿನದೊಳಗೆ ಕಾಯಿಲೆ ಬಿದ್ದರು. ಅದೇ ರಾಜ್ಯದಲ್ಲಿ ಡಿಸೆಂಬರ್ ಮೊದಲ ವಾರ ನಡೆದ ಹೈಸ್ಕೂಲು ಮಕ್ಕಳ ಕುಸ್ತಿ ಸ್ಪರ್ಧೆಯ ಕಥೆ ಇನ್ನೂ ಸಂಕಟದ್ದು. ಹತ್ತು ಶಾಲೆಗಳಿಂದ 130 ಮಂದಿ ಸೇರಿದ್ದರು, 38 ಮಂದಿಯಲ್ಲಿ ಸೋಂಕು ಖಚಿತವಾಯಿತು. ಎಲ್ಲರನ್ನೂ ಪರೀಕ್ಷಿಸಿರಲಿಲ್ಲವಾದ್ದರಿಂದ ನಿಜವಾದ ಸಂಖ್ಯೆ ಇದಕ್ಕೂ ಹೆಚ್ಚಿರಬಹುದು. ಅವರಿಂದ ಇನ್ನೂ 41 ಮಂದಿಗೆ ಹಬ್ಬಿ, ಐವತ್ತು ದಾಟಿದ ಒಬ್ಬರು ತೀರಿಕೊಂಡರು. ಸತ್ತವರು ಕುಸ್ತಿ ಆಡಿದವರಲ್ಲ, ಆಡಿ ಬಂದವರ ಸಂಪರ್ಕದಲ್ಲಿದ್ದವರು. ನಮ್ಮಲ್ಲಿ ಅಜ್ಜ ಅಜ್ಜಿ ಜತೆಗಿರುವ ಮನೆಯಿಂದಲೇ ಅಲ್ಲವೇ ಹುಡುಗರು ಗರಡಿಗೆ, ಅಂಕಣಕ್ಕೆ ಹೋಗುವುದು?

ಅಂದಹಾಗೆ, ಮೈ ತಾಗುವ ಆಟಗಳಿಗೆ ವೈರಾಣು ಹೊಸ ಶತ್ರುವೇನಲ್ಲ. 1989ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹೈಸ್ಕೂಲು ಕುಸ್ತಿಪಟುಗಳ ಶಿಬಿರಕ್ಕೆ ಬಂದ 175 ಹುಡುಗರಲ್ಲಿ 60 ಮಂದಿಗೆ ಚರ್ಮದ ಹರ್ಪಿಸ್ ಸೋಂಕು ತಗುಲಿತ್ತು. ಕೆನ್ನೆಗೆ ಕೆನ್ನೆ ಉಜ್ಜಿ ಪಟ್ಟು ಹಾಕುವುದೇ ಅದರ ದಾರಿ. 1996ರಲ್ಲಿ ಬಾಕ್ಸರ್ ಟಾಮಿ ಮಾರಿಸನ್‌ಗೆ ಲಾಸ್ ವೇಗಸ್‌ನ ಪಂದ್ಯಕ್ಕೆ ಮುಂಚೆ ಮಾಡಿದ ಪರೀಕ್ಷೆಯಲ್ಲಿ ಎಚ್‌ಐವಿ ಕಂಡುಬಂದು ನೆವಾಡ ರಾಜ್ಯ ಅವನನ್ನು ಅಮಾನತು ಮಾಡಿತು. ಸುಮೊದಲ್ಲಿ ಕಣಕ್ಕೇರುವ ಮುನ್ನ ಸೌಟಿನಿಂದ ನೀರು ಬಾಯಿಗಿಟ್ಟು ಮುಕ್ಕಳಿಸುವ ಸಂಪ್ರದಾಯವಿದೆ. 2020ರ ಮಾರ್ಚ್‌ನಲ್ಲಿ ಒಸಾಕಾದ ಖಾಲಿ ಸಭಾಂಗಣದಲ್ಲಿ ಮಲ್ಲರು ಸೌಟನ್ನು ತುಟಿಗೆ ತಾಗಿಸದೆ ಬರೀ ನಟನೆ ಮಾಡಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಶೋಬುಶಿ ಎಂಬ 28ರ ಮಲ್ಲ ಕೋವಿಡ್‌ಗೆ ಬಲಿಯಾದ. ಅವನಿಗೆ ಮಧುಮೇಹವಿತ್ತು. ಗಟ್ಟಿ ಮೈ, ಎಳೆ ವಯಸ್ಸು ಎಂಬ ನಂಬಿಕೆ ಎಷ್ಟು ದುರ್ಬಲ ಎಂದು ಯೋಚಿಸುವಾಗೆಲ್ಲ ನನಗೆ ಅವನ ನೆನಪಾಗುತ್ತದೆ.

ನಮ್ಮ ಮೈಸೂರಿನ ಹಳೆಯ ಗರಡಿ ಮನೆಗಳನ್ನು ನೋಡಿದವರಿಗೆ ಗೊತ್ತು: ತಗ್ಗಾದ ಬಾಗಿಲು, ಸಣ್ಣ ಕಿಂಡಿ, ಒಳಗೆ ಕೆಮ್ಮಣ್ಣಿನ ಅಖಾಡ. ಹೊರಗಿನ ಗಾಳಿ ಸುಳಿಯದ ಹಾಗೆಯೇ ಕಟ್ಟಿದ್ದು. ಅದರ ಮಣ್ಣಿನ ಬಗ್ಗೆ ಪೈಲ್ವಾನರಿಗಿರುವ ಭಕ್ತಿ ದೊಡ್ಡದು, ನನಗೂ ಗೌರವವಿದೆ. ಆದರೆ ಕಾಯಿಲೆಯ ಕಾಲದಲ್ಲಿ ತಾಲೀಮು ಬಯಲಿಗೆ ಬರಲೇಬೇಕು. ಗದೆ ತಿರುಗಿಸುವುದು, ದಂಡ, ಬಸ್ಕಿಗೆ ಜೋಡಿ ಬೇಕಿಲ್ಲ. ಜೋಡಿ ಕುಸ್ತಿಯ ತಾಲೀಮು, ಅಂದರೆ ‘ಜೋರು’, ಮಾಡಲೇಬೇಕಾದರೆ ದಿನಕ್ಕೊಬ್ಬರಂತೆ ಬದಲಾಯಿಸದೆ ಇಬ್ಬರೋ ಮೂವರೋ ಗೊತ್ತಾದ ಜೋಡಿಯಲ್ಲೇ ಇರಲಿ. ಒಬ್ಬನಿಗೆ ಬಂದರೆ ಆ ಮೂವರಲ್ಲೇ ನಿಲ್ಲುತ್ತದೆ. ಒಂದೇ ಟವೆಲಿನಲ್ಲಿ ನಾಲ್ವರು ಬೆವರೊರೆಸುವುದು, ಒಂದೇ ಚೆಂಬು ಕೈಯಿಂದ ಕೈಗೆ ಹೋಗುವುದು ಯಾವ ಕಾಲಕ್ಕೂ ಬೇಡ.

ಇದೆಲ್ಲದರ ಮೇಲೆ ಇರುವ ಪ್ರಶ್ನೆ ಒಂದೇ. ಮೈ ಬಿಸಿಯಾದವನು ಬಾಯಿ ಬಿಟ್ಟು ಹೇಳುತ್ತಾನೆಯೇ? ಹೇಳಿದರೆ ಅವನಿಗೆ ಏನಾಗುತ್ತದೆ? ಟೋಕಿಯೊದಲ್ಲಿ ಇದಕ್ಕೊಂದು ಮಾನವೀಯ ಉತ್ತರ ಇತ್ತು: ಸೋಂಕಿನಿಂದ ಹೊರಗುಳಿದವರನ್ನು ‘ಅನರ್ಹ’ ಎಂದು ಬರೆಯದೆ ‘ಸ್ಪರ್ಧೆಗೆ ಇಳಿಯಲಿಲ್ಲ’ ಎಂದಷ್ಟೇ ದಾಖಲಿಸುವುದು, ಅಲ್ಲಿಯವರೆಗೆ ಗಳಿಸಿದ ಸ್ಥಾನವನ್ನು ಕಾಪಾಡುವುದು. ಎನ್‌ಎಫ್‌ಎಲ್ ಕಟ್ಟುನಿಟ್ಟಿನ ದಾರಿ ಹಿಡಿಯಿತು. 2020ರ ನವೆಂಬರ್ 29ರಂದು ಡೆನ್ವರ್ ಬ್ರಾಂಕೋಸ್ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಸೋಂಕಿತ ಜತೆಗಾರನ ಸಂಪರ್ಕದಿಂದಾಗಿ ಹೊರಗುಳಿದರು. ಪಂದ್ಯ ಮುಂದಕ್ಕೆ ಹೋಗಲಿಲ್ಲ. ಅಭ್ಯಾಸದ ಬಳಗದಲ್ಲಿದ್ದ ಒಬ್ಬ ರಿಸೀವರ್ ಆ ಜಾಗದಲ್ಲಿ ಆಡಿ, ತಂಡ 3–31ರಿಂದ ಸೋತಿತು. ಎರಡೂ ಕಡೆ ನಿಯಮ ಮೊದಲೇ ಎಲ್ಲರಿಗೂ ಗೊತ್ತಿತ್ತು ಎಂಬುದು ಮುಖ್ಯ.

ಮಂಡ್ಯದಲ್ಲೋ ಕರಾವಳಿಯಲ್ಲೋ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಆರ್‌ಟಿ–ಪಿಸಿಆರ್ ಪ್ರಯೋಗಾಲಯ ತರಲಾಗದು, ಹೋಟೆಲ್ ಬಬಲ್ ಕಟ್ಟಲಾಗದು. ಬಯಲು ಮಾತ್ರ ಅಲ್ಲಿ ಧಾರಾಳವಾಗಿದೆ, ಅದು ದೊಡ್ಡ ಅನುಕೂಲ. ಅಪಾಯ ಇರುವುದು ಒಂದೇ ಟೆಂಪೊದಲ್ಲಿ ಹದಿನೈದು ಮಂದಿ ತುಂಬಿಕೊಂಡು ಬರುವುದರಲ್ಲಿ, ರಾತ್ರಿ ಶಾಲೆಯ ಒಂದೇ ಕೋಣೆಯಲ್ಲಿ ಕಿಟಕಿ ಹಾಕಿಕೊಂಡು ಮಲಗುವುದರಲ್ಲಿ, ಜ್ವರದ ಮಾತ್ರೆ ನುಂಗಿ ಅಂಕಣಕ್ಕಿಳಿಯುವುದರಲ್ಲಿ. ಹಾಗೆ ಆಡುವ ಹುಡುಗ ಇತರರಿಗೆ ಹಂಚುವುದಷ್ಟೇ ಅಲ್ಲ, ತನ್ನ ಹೃದಯವನ್ನೂ ಪಣಕ್ಕಿಡುತ್ತಾನೆ. ವೈರಾಣು ಹೃದಯದ ಸ್ನಾಯುವಿನ ಉರಿಯೂತ ತರುವುದುಂಟು, ಆಗ ಮೈಮುರಿದು ಆಡಿದರೆ ಬಡಿತವೇ ತಪ್ಪಬಹುದು. ಚೇತರಿಸಿಕೊಂಡವರು ಮೊದಲು ನಡಿಗೆ, ಆಮೇಲೆ ಓಟ, ಆಮೇಲಷ್ಟೇ ಟ್ಯಾಕಲ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು, ಎದೆನೋವು ಅಥವಾ ಏದುಸಿರು ಕಂಡರೆ ಇಸಿಜಿ ಮಾಡಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕೆ.

ಊರಿನ ತಂಡದಲ್ಲಿ ರೇಡರ್ ಆಡದಿದ್ದರೆ ಅವನಿಗೆ ಬರಬೇಕಾದ ದುಡ್ಡು ಹೋಗುತ್ತದೆ, ಮುಂದಿನ ಸಲ ಕರೆಯುವುದೂ ಅನುಮಾನ. ಅದಕ್ಕೇ ಅವನು ಬಾಯಿ ಮುಚ್ಚಿಕೊಳ್ಳುವುದು. ಸಂಘಟಕರು ಮನಸ್ಸು ಮಾಡಿದರೆ ಇದನ್ನು ಬದಲಾಯಿಸಲು ಕಾಸು ಖರ್ಚಿಲ್ಲ. ಪಂದ್ಯಾವಳಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನದ ಮೊತ್ತ, ತೂಕದ ಮಿತಿ ಎಲ್ಲ ಅಚ್ಚಾಗಿರುತ್ತದೆ. ಜ್ವರ, ಕೆಮ್ಮು ಇರುವ ಆಟಗಾರನ ಬದಲಿಗೆ ಪಂದ್ಯದ ದಿನವೂ ಬೇರೊಬ್ಬನ ಹೆಸರು ಕೊಡಬಹುದು, ತಂಡ ಗೆದ್ದರೆ ಕೂತವನಿಗೂ ಸಮಪಾಲು ಎಂಬ ಎರಡು ಸಾಲು ಅದರ ಕೆಳಗೇ ಬರಲಿ.