ಆರು ಮೀಟರಿನ ಈಚೆ

ಬೆಳಗಾವಿಯ ಉತ್ತರಕ್ಕೆ, ಹೆದ್ದಾರಿ ಬದಿಯ ಯಮನಾಪುರದಲ್ಲಿ ಹಿಂಡಾಲ್ಕೊ ಅಲ್ಯುಮಿನಾ ಕಾರ್ಖಾನೆ ಇದೆ. ಹಳಬರ ಬಾಯಲ್ಲಿ ಇನ್ನೂ ‘ಇಂಡಾಲ್’. ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸುವ ಕೆಲಸ. ಹನಿ ಸಿಡಿದರೆ ಕಣ್ಣಿಗೇ ಕುತ್ತು. ಆದರೂ ದೊಡ್ಡ ಉದ್ದಿಮೆಗೆ ಕಾನೂನಿನ ಕಾವಲಿದೆ. ಅದಿರು ತೆಗೆಯುವ ಗಣಿಯಲ್ಲೂ ಕೆಲಸಕ್ಕೆ ಸೇರುವಾಗ, ಆಮೇಲೆ ಐದು ವರ್ಷಕ್ಕೊಮ್ಮೆ ಕಾರ್ಮಿಕನ ಎದೆಯ ಎಕ್ಸ್‌ರೇ ಆಗಬೇಕು.

ಅಲ್ಲಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಇಲ್ಲಿ ಅಗೆಯುವುದು ಅದಿರನ್ನಲ್ಲ, ಬರೀ ಮಣ್ಣನ್ನು. ಇಟ್ಟಂಗಿ, ಹಂಚು, ಗಡಿಗೆ ಎಲ್ಲದಕ್ಕೂ ಒದಗುವ ಮಣ್ಣು. ಅದನ್ನು ನಂಬಿಯೇ 1954ರಲ್ಲಿ ಇಲ್ಲಿ ಕುಂಬಾರಿಕೆ ತರಬೇತಿ ಸಂಸ್ಥೆ ಶುರುವಾಯಿತು.

ಮಣ್ಣು ಮೆತ್ತಗಿದೆಯೆಂದೇ ಮೋಸ ಮಾಡುತ್ತದೆ. ಬುಡದಲ್ಲಿ ಅಗೆಯುವುದು ಸುಲಭ, ಹಾಗಾಗಿ ಗುದ್ದಲಿ ಅಲ್ಲೇ ಬೀಳುತ್ತದೆ. ಮೇಲಿನದು ಚಾಚಿ ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ದಂಡೆಯಿಂದ ಒಂದು ಮಾರು ಹಿಂದೆ ಬೆರಳು ಹೋಗುವಷ್ಟು ಸೀಳು ಬಿಡುತ್ತದೆ. ಕೆಳಗೆ ಬಗ್ಗಿದವನಿಗೆ ಅದು ಕಾಣುವುದಿಲ್ಲ. 1961ರ ಗಣಿ ನಿಯಮಾವಳಿ ಇದನ್ನು ಬಲ್ಲದು: ಮಣ್ಣಿನ ಗೋಡೆ 45 ಡಿಗ್ರಿಗಿಂತ ಕಡಿದಾಗಿರಬಾರದು, ಇಲ್ಲವೇ ಒಂದೂವರೆ ಮೀಟರಿಗೊಂದು ಮೆಟ್ಟಿಲು ಬಿಡಬೇಕು.

ಒಳ್ಳೆಯ ನಿಯಮ. ಆದರೆ 1952ರ ಗಣಿ ಕಾಯ್ದೆಯೇ ಒಂದು ಕಂಡಿ ಬಿಟ್ಟಿತ್ತು. ಸಾಮಾನ್ಯ ಜೇಡಿ, ಮುರ್ರಮ್, ಜಂಬಿಟ್ಟಿಗೆ, ಕಟ್ಟಡದ ಕಲ್ಲು ತೆಗೆಯುವ ತೆರೆದ ಹೊಂಡ ಆರು ಮೀಟರ್ ಮೀರದಿದ್ದರೆ, ಆಳುಗಳು 50 ದಾಟದಿದ್ದರೆ, ಸಿಡಿಮದ್ದು ಬಳಸದಿದ್ದರೆ ಕೆಲವೇ ಕಲಮು ಬಿಟ್ಟು ಉಳಿದ ಕಾಯ್ದೆ ಅತ್ತ ಸುಳಿಯುತ್ತಿರಲಿಲ್ಲ. ಆರು ಮೀಟರ್ ಎಂದರೆ ಎರಡು ಅಂತಸ್ತಿನ ಮನೆ! ಅಷ್ಟು ಮಣ್ಣು ಮೈಮೇಲೆ ಕುಸಿದರೆ ಸಾಯಲು ಸಿಡಿಮದ್ದೇ ಬೇಕೇನು?

ಇನ್ನೊಂದು ಅಪಾಯ ಕುಂಬಾರರ ಅಂಗಳದಲ್ಲಿದೆ. ಹಸಿ ಮಣ್ಣು ತುಳಿಯುವಾಗ, ತಿಗರಿ ತಿರುಗಿಸುವಾಗ ಧೂಳಿಲ್ಲ. ಸಂಜೆ ನೆಲಕ್ಕೆ ಅಂಟಿ ಒಣಗಿದ ಚೂರನ್ನು ಪೊರಕೆಯಿಂದ ಗುಡಿಸುವಾಗ ಸಿಲಿಕಾ ಧೂಳು ಏಳುತ್ತದೆ. ಮೂಗಿಗೆ ಸುತ್ತಿದ ಟವೆಲ್ಲು ಅದನ್ನು ತಡೆಯದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಿಲಿಕೋಸಿಸ್‌ ಎಂಬ ಈ ಧೂಳಿನ ಶ್ವಾಸಕೋಶ ರೋಗ ವಾಸಿಯಾಗುವಂಥದ್ದಲ್ಲ, ಬೇಗ ಕಾಣಿಸುವುದೂ ಇಲ್ಲ. ಹತ್ತಿಪ್ಪತ್ತು ವರ್ಷದ ಮೇಲೆ ಎಕ್ಸ್‌ರೇಯಲ್ಲಿ ಕಲೆ ಕಂಡಾಗ, ಹಂಗಾಮಿಗೊಂದು ಭಟ್ಟಿಯಲ್ಲಿ ದುಡಿದವನು ಯಾವ ಮಾಲೀಕನ ಹೆಸರು ಹೇಳಬೇಕು? ಅವನ ಬಳಿ ಹಾಜರಿ ಚೀಟಿಯೂ ಇರುವುದಿಲ್ಲ.