ಪಿಸಿಓಎಸ್ ಇದ್ದವರಿಗೆ ಯಾವ ಗರ್ಭನಿರೋಧಕ?

ಬೆಂಗಳೂರು: ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಬರುವುದರಿಂದ ಗರ್ಭ ನಿಲ್ಲದೆಂಬ ನಂಬಿಕೆ ಪಿಸಿಓಎಸ್ ಇರುವ ಅನೇಕರಲ್ಲಿದೆ. ಇದು ತಪ್ಪು. ಅಂಡೋತ್ಪತ್ತಿ ಅಪರೂಪವಾಗುತ್ತದೆಯೇ ಹೊರತು ಸಾಮಾನ್ಯವಾಗಿ ಪೂರ್ತಿ ನಿಲ್ಲುವುದಿಲ್ಲ. ಮೆಟ್‌ಫಾರ್ಮಿನ್ ಸೇವನೆ, ತೂಕ ಇಳಿಕೆಯಿಂದ ಅದು ಮರಳುವುದೂ ಉಂಟು. ದಿನ ಎಣಿಸುವ ಕ್ರಮವಂತೂ ಇಲ್ಲಿ ನಿರುಪಯುಕ್ತ.

ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಇರುವ ಗುಳಿಗೆ ಮುಟ್ಟನ್ನು ಕ್ರಮಕ್ಕೆ ತರುವುದಲ್ಲದೆ ಮುಖದ ಕೂದಲು, ಮೊಡವೆಗಳನ್ನೂ ತಗ್ಗಿಸುತ್ತದೆ. ಸೈಪ್ರೊಟೆರೋನ್ ಬೆರೆತ ಗುಳಿಗೆ ಮಾತ್ರ ಮೊದಲ ಆಯ್ಕೆಯಾಗಬಾರದೆಂಬುದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ರಕ್ತ ಹೆಪ್ಪುಗಟ್ಟುವ ಭಯವೇ ಕಾರಣ. ಆದ್ದರಿಂದ ದೊಮ್ಮಲೂರಿನ ಕಚೇರಿಯಲ್ಲಿ ದುಡಿಯುವಾಕೆ ಸಂಜೆ ಔಷಧದಂಗಡಿಯಲ್ಲಿ ಗೆಳತಿ ಹೇಳಿದ ಗುಳಿಗೆಯನ್ನೇ ಕೊಳ್ಳುವುದು ತರವಲ್ಲ. ಅಧಿಕ ರಕ್ತದೊತ್ತಡ, ಕಣ್ಣೆದುರು ಮಿಂಚು ಕಾಣಿಸುವ ಮೈಗ್ರೇನ್ ಇದ್ದವರಿಗೆ, 35 ದಾಟಿದ ಧೂಮಪಾನಿಗಳಿಗೆ ಈಸ್ಟ್ರೋಜೆನ್ ಸಲ್ಲದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ, ಹಾರ್ಮೋನ್‌ರಹಿತ ‘ಛಾಯಾ’ ನಿರಪಾಯವೆಂದು ತೋರಬಹುದು. ವಿಚಿತ್ರವೆಂದರೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಈ ಗುಳಿಗೆಯನ್ನು ಪಿಸಿಓಎಸ್ ಇದ್ದವರಿಗೆ ಕೊಡಬಾರದೆಂದು ಸರ್ಕಾರದ ಕೈಪಿಡಿಯೇ ಹೇಳುತ್ತದೆ. ತನ್ನ ತೊಂದರೆಯನ್ನು ಮೊದಲೇ ತಿಳಿಸದಿದ್ದರೆ ಈ ಎಚ್ಚರಿಕೆ ಯಾರ ಗಮನಕ್ಕೂ ಬಾರದೆ ಹೋದೀತು.

ವಂಕಿಯೆಂದೇ ಪರಿಚಿತವಾದ ಕಾಪರ್-ಟಿ ಗರ್ಭವನ್ನು ತಡೆದರೂ ಮುಟ್ಟನ್ನು ಸರಿಪಡಿಸದು. ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪಗಾಗುವವರಿಗೆ ಲೆವೊನಾರ್ಜೆಸ್ಟ್ರೆಲ್ ಸೂಸುವ ವಂಕಿ ರಕ್ಷಣೆ ನೀಡುತ್ತದೆ. ಬೆಲೆ ಮಾತ್ರ ಹೆಚ್ಚು.

ಗುಳಿಗೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲವೆಂಬ ಅತ್ತೆಯಂದಿರ ಅಂಜಿಕೆಗೆ ಆಧಾರವಿಲ್ಲ. ಆದರೆ ಗುಳಿಗೆಯಿಂದ ಪಿಸಿಓಎಸ್ ಗುಣವಾಗದು. ನಿಲ್ಲಿಸಿದ ಮೇಲೆ ಮುಟ್ಟಿನ ಹಳೆಯ ಏರುಪೇರು ಮರಳಬಹುದು.