ಠಾಣೆಯ ಸೇಂಟ್ ಜೇಮ್ಸ್ ಚರ್ಚ್ ಮತ್ತು ಒಂದು ಹಾಡು

ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಬಂತು. ಈ ಸಂಗತಿ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಆ ರೈಲಿಗಿಂತ 28 ವರ್ಷ ಹಳೆಯದಾದ ಸೇಂಟ್ ಜೇಮ್ಸ್ ಚರ್ಚ್ ಮಾತ್ರ ದಿನಾ ಲೋಕಲ್ ಹಿಡಿದು ಓಡಾಡುವ ನಮ್ಮ ಕನ್ನಡಿಗರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

1774ರ ಕೊನೆಯಲ್ಲಿ ಠಾಣೆಯ ಕೋಟೆ ಮರಾಠರಿಂದ ಇಂಗ್ಲಿಷರ ಕೈಸೇರಿತು. ದಂಡು ಬಂತು, ಅಧಿಕಾರಿಗಳು ಬಂದರು, ಅವರ ಆರಾಧನೆಗೆ ಈ ಆಂಗ್ಲಿಕನ್ ಚರ್ಚ್ ಎದ್ದಿತು. 1825ರ ಜುಲೈ 10ರಂದು ಅದನ್ನು ಪ್ರತಿಷ್ಠಾಪಿಸಿದವರು ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್. ಆಗ ಮುಂಬಯಿಗೆ ಸ್ವಂತ ಬಿಷಪ್ ಇರಲಿಲ್ಲ. ಕಲ್ಕತ್ತೆಯ ಒಬ್ಬರೇ ಬಿಷಪ್ಪರ ಆಡಳಿತ ಆಸ್ಟ್ರೇಲಿಯಾದವರೆಗೂ ಚಾಚಿತ್ತು.

ಹೀಬರ್ ಬರೀ ರಿಬ್ಬನ್ ಕತ್ತರಿಸಿ ಹೋಗುವ ಜಾತಿಯವರಲ್ಲ. ಊರೂರಿನ ಕಥೆ ಕೇಳಿ ಬರೆದಿಡುತ್ತಿದ್ದರು. ಠಾಣೆಯಲ್ಲಿ ಅವರಿಗೆ ಸಿಕ್ಕಿದ್ದು ತ್ರಿಂಬಕಜಿ ಡೇಂಗಳೆಯ ಕಥೆ. ಎರಡನೇ ಬಾಜೀರಾವ್ ಪೇಶ್ವೆಯ ಬಲಗೈಯಂತಿದ್ದ ತ್ರಿಂಬಕಜಿ, ಗಾಯಕವಾಡರ ರಾಯಭಾರಿ ಗಂಗಾಧರ ಶಾಸ್ತ್ರಿಯ ಕೊಲೆಯ ಆರೋಪದ ಮೇಲೆ ಇದೇ ಕೋಟೆಯಲ್ಲಿ ಸೆರೆಯಾಗಿದ್ದ. ನಮ್ಮವರನ್ನು ಕಾವಲಿಗಿಟ್ಟರೆ ಲಂಚಕ್ಕೆ ಬಿದ್ದಾರು ಎಂದು ಬರೀ ಗೋರಾ ಸಿಪಾಯಿಗಳನ್ನು ಇಟ್ಟಿದ್ದರು. ಅವರಿಗೆ ಮರಾಠಿಯ ಗಂಧವೂ ಇಲ್ಲ. ಒಬ್ಬ ಅಧಿಕಾರಿಯ ಕುದುರೆಯಾಳು ಸೆರೆಯಾಳಿನ ಕಿಟಕಿಯ ಕೆಳಗೆ ಕುದುರೆ ಮೈ ತೊಳೆಯುತ್ತ ಹಾಡಿಕೊಳ್ಳುತ್ತಿದ್ದ. ಹೊರಗೆ ಯಾರು ಎಲ್ಲಿ ಕಾದಿದ್ದಾರೆಂಬ ಸುದ್ದಿಯೆಲ್ಲ ಆ ಹಾಡಿನಲ್ಲೇ ಇತ್ತು! 1816ರ ಸೆಪ್ಟೆಂಬರಿನಲ್ಲಿ ತ್ರಿಂಬಕಜಿ ಪರಾರಿಯಾದ.

ಎರಡು ವರ್ಷದ ಮೇಲೆ ಮತ್ತೆ ಸಿಕ್ಕಿಬಿದ್ದ ಅವನನ್ನು ದೂರದ ಚುನಾರ್ ಕೋಟೆಗೆ ಸಾಗಿಸಿದರು. 1824ರಲ್ಲಿ ಹೀಬರ್ ಅವನನ್ನು ಅಲ್ಲಿ ಕಣ್ಣಾರೆ ಕಂಡಿದ್ದರು. ಮರುವರ್ಷ ಅವನು ತಪ್ಪಿಸಿಕೊಂಡ ಊರಿಗೇ ಚರ್ಚಿನ ಕೆಲಸಕ್ಕೆ ಬಂದರು. 1826ರಲ್ಲಿ ತಿರುಚಿನಾಪಳ್ಳಿಯಲ್ಲಿ ತೀರಿಕೊಂಡ ಅವರ ಪ್ರವಾಸಕಥನವನ್ನು ಪತ್ನಿ ಅಮೇಲಿಯಾ 1828ರಲ್ಲಿ ಪ್ರಕಟಿಸಿದರು. ಹೆಸರಿಲ್ಲದ ಆ ಕುದುರೆಯಾಳಿನ ಹಾಡು ಹಾಗೆ ಉಳಿಯಿತು. ಬಿಷಪ್ಪರ ಉಪದೇಶಗಳಿಗಿಂತ ಕಥೆಗೆ ತೆರೆದುಕೊಂಡ ಅವರ ಕಿವಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಕೋಟೆ ಈಗಲೂ ಸೆರೆಮನೆಯೇ, ಠಾಣೆ ಸೆಂಟ್ರಲ್ ಜೈಲು.

ಠಾಣೆಗೆ ಕ್ರೈಸ್ತರು ಬಂದದ್ದು ಇಂಗ್ಲಿಷರೊಂದಿಗೆ ಅಲ್ಲ. 1321ರಲ್ಲೇ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಲ್ಲಿ ಪ್ರಾಣ ತೆತ್ತಿದ್ದರು. ಕ್ರೈಸ್ತರಲ್ಲೇ ಇನ್ನೊಂದು ಪಂಥವಾದ ಮೆಥೋಡಿಸ್ಟರು ಬಂದದ್ದು ಬಹಳ ತಡವಾಗಿ: ಅಮೆರಿಕದ ವಿಲಿಯಂ ಟೇಲರ್ 1871ರಲ್ಲಿ ಮುಂಬಯಿಯಲ್ಲಿ ಪ್ರಚಾರ ಆರಂಭಿಸಿದ ಮೇಲೆ. ಆ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ ಕೊನೆಯವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಇದ್ದವರು. ಬೀದರ್, ಕಲಬುರಗಿ ಕಡೆಯ ಕ್ರೈಸ್ತ ಮನೆಗಳಿಗೆ ಮೆಥೋಡಿಸ್ಟ್ ಎಂಬ ಹೆಸರು ಹೊಸದಲ್ಲ.

1970ರ ನವೆಂಬರ್ 29ರಂದು ನಾಗಪುರದಲ್ಲಿ ಹಲವು ಪಂಥಗಳು ಒಂದಾಗಿ ಉತ್ತರ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನ್ನರು ಅದರಲ್ಲಿ ಸೇರಿದರು. ಮಾತುಕತೆಯಲ್ಲಿ ಜೊತೆಗಿದ್ದ ಅಮೆರಿಕ ಮೂಲದ ಮೆಥೋಡಿಸ್ಟರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ವೆಸ್ಲಿಯೇ ಆಂಗ್ಲಿಕನ್ ಆಗಿ ಉಳಿದಿದ್ದರಿಂದ ಅವರೂ ಸೇರಬೇಕಿತ್ತು ಎಂದೇ ನನ್ನ ಅನಿಸಿಕೆ.